ಮುಚ್ಚಳ ಕೂರದ ಡಬ್ಬಿ

"ಗುರುಗಳೇ, ಮುರಿಗೆಪ್ಪ ಏಳು ವರ್ಷದಲ್ಲಿ ಕಲಿತದ್ದನ್ನು ನಾನು ಎರಡೇ ವರ್ಷದಲ್ಲಿ ಕಲಿತೆ. ಆದರೂ ಪಾಠ ಹೇಳುವುದಕ್ಕೆ ಅವನನ್ನೇ ಕೂರಿಸಿದಿರಿ. ಅವನಲ್ಲಿ ಇರುವಂಥದ್ದು ನನ್ನಲ್ಲಿ ಏನಿಲ್ಲ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಬೀದಿಯಲ್ಲಿ ಇಬ್ಬರು ಅಚ್ಚುಗಾರರಿದ್ದರು. ಪ್ಲಾಸ್ಟಿಕ್ ಕಾಳನ್ನು ಕರಗಿಸಿ, ಅಚ್ಚಿಗೆ ತುಂಬಿ, ಮುಚ್ಚಳದ ಡಬ್ಬಿ ಮಾಡುವುದು ಇಬ್ಬರ ಕಸುಬು. ಕಾಳು ತರುವ ಅಂಗಡಿ ಒಂದೇ, ಅಚ್ಚು ಕಡೆದುಕೊಟ್ಟವನೂ ಒಬ್ಬನೇ. ಆದರೂ ಜನ ಹಿರಿಯ ಅಚ್ಚುಗಾರನ ಡಬ್ಬಿಯನ್ನೇ ಕೇಳಿ ಒಯ್ಯುತ್ತಿದ್ದರು. ಕಿರಿಯವನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಬಾಯಲ್ಲಿ ಅಣ್ಣಾ ಎನ್ನುತ್ತಿದ್ದ, ಹೊಟ್ಟೆಯಲ್ಲಿ ಕಿಚ್ಚು.

ಒಂದು ದಿನ ಅವನು ಊಟಕ್ಕೆ ಕೂತಾಗ ಹೆಂಡತಿ ಉಪ್ಪಿನಕಾಯಿ ಬಡಿಸಲು ಬಂದಳು. ಡಬ್ಬಿ ನೋಡಿದರೆ ಹಿರಿಯವನದು. ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ.

"ನಮ್ಮನೇಲೇ ಅವನ ಡಬ್ಬೀನಾ?"

"ಏನ್ ಮಾಡ್ಲಿ? ಅದ್ರ ಮುಚ್ಚಳ ಬಿಗಿಯಾಗಿ ಕೂರ್ತದೆ. ನಿಮ್ದರಲ್ಲಿ ಹಾಕಿದ್ರೆ ಎಣ್ಣೆ ಸೋರ್ತದೆ," ಎಂದಳು ಅವಳು. ಅವಳು ಹೇಳಿದ್ದು ನಿಜ. ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು. ಊರಿನ ಗಿರಾಕಿಗಳು ಹಾಳಾಗಿ ಹೋಗಲಿ, ಹೆಂಡತಿಯ ಕೈಯಿಂದ ಆ ಡಬ್ಬಿ ಬಿಡಿಸಿದರೆ ಸಾಕು ಎಂದುಕೊಂಡ.

ಹಿರಿಯವನ ಗುಟ್ಟು ತಿಳಿಯಲು ಬಾಗಿಲ ಸಂದಿಯಲ್ಲಿ ಇಣುಕಿದ. ಅಚ್ಚಿಗೆ ತುಂಬಿದ ಮೇಲೆ ಹಿರಿಯವನು ಎಲೆ ಮಡಿಸಿ, ಅಗಿದು, ಉಗುಳಿ ಬರುವವರೆಗೂ ಅಚ್ಚು ತೆರೆಯುತ್ತಿರಲಿಲ್ಲ. ಶುದ್ಧ ಸೋಮಾರಿ ಎಂದುಕೊಂಡ ಕಿರಿಯವನು. ಬೇಗ ಆರಲೆಂದು ತನ್ನ ಅಚ್ಚಿನ ಸುತ್ತ ಮಂಜುಗಡ್ಡೆಯ ನೀರು ಹರಿಸಿದ. ಹಿರಿಯವನು ಒಂದು ಡಬ್ಬಿ ತೆಗೆಯುವಷ್ಟರಲ್ಲಿ ಇವನು ನಾಲ್ಕು ತೆಗೆದ. ಅವನದು ಮಜ್ಜಿಗೆಯ ಬಣ್ಣ, ಇವನದು ಗಾಜಿನಂತೆ ಹೊಳೆಯಿತು. ಮುಚ್ಚಳವೂ ಟಕ್ಕೆಂದು ಕೂತಿತು. ಹೆಂಡತಿ ಮೆಚ್ಚಿ ಉಪ್ಪಿನಕಾಯಿಯನ್ನು ಅದಕ್ಕೆ ತುಂಬಿದಳು. ಅವನು ಬೀದಿಯಲ್ಲಿ ಎದೆಯುಬ್ಬಿಸಿ ನಡೆದ.

ಎಂಟು ದಿನ ಕಳೆಯುವಷ್ಟರಲ್ಲಿ ಡಬ್ಬಿ ಕುಗ್ಗಿ ಸೊಟ್ಟಗಾಯಿತು. ಎಷ್ಟು ಒತ್ತಿದರೂ ಮುಚ್ಚಳ ಕೂರಲಿಲ್ಲ. ಹೆಂಡತಿ ಉಪ್ಪಿನಕಾಯಿಯನ್ನು ಮತ್ತೆ ಹಿರಿಯವನ ಡಬ್ಬಿಗೆ ಸುರಿದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಸೊಟ್ಟ ಡಬ್ಬಿ ಹಿಡಿದು ಹಿರಿಯವನ ಬಾಗಿಲಿಗೆ ಹೋಗಿ, "ನಿನ್ನ ಕೆಟ್ಟ ಕಣ್ಣು ಬಿದ್ದೇ ಹಿಂಗಾಗಿದ್ದು!" ಎಂದು ಕೂಗಾಡಿದ.

ಹಿರಿಯವನು ಡಬ್ಬಿಯನ್ನು ತಿರುಗಿಸಿ ನೋಡಿದ. "ಇದ್ರೊಳಗಿರೋದೆಲ್ಲ ಉದ್ದುದ್ದ ಎಳೆ ಕಣಪ್ಪ. ಬಿಸೀಲಿ ಶಾವಿಗೆ ಹಂಗೆ ಸಿಕ್ಕಾಗಿರ್ತವೆ. ನಿಧಾನಕ್ಕೆ ಆರಿದ್ರೆ ಮಡಿಚ್ಕೊಂಡು ಒಂದರ ಪಕ್ಕ ಒಂದು ಸಾಲಾಗಿ ಕೂರ್ತವೆ. ನೀನು ತಣ್ಣೀರಲ್ಲಿ ಬೆಚ್ಚಿಬೀಳ್ಸಿದೆ, ಇದ್ದಲ್ಲೇ ನಿಂತ್ಬಿಟ್ವು. ಅಚ್ಚಿನಲ್ಲಿ ಮುಗಿಸ್ಬೇಕಿದ್ದ ಕೆಲಸಾನ ಈಗ ನಿನ್ನ ಅಡುಗೆಮನೇಲಿ ಮಾಡ್ತಿವೆ. ಅವು ಸಾಲಾಗಿ ಕೂತಂಗೆಲ್ಲ ಡಬ್ಬಿ ಕುಗ್ತದೆ. ಇದಕ್ಕೆ ನನ್ನ ಕಣ್ಣು ಏನ್ ಮಾಡೀತು?"

ಗುರುಗಳು ಕತೆ ಮುಗಿಸಿದರು. ಶಿಷ್ಯ ತಲೆ ತಗ್ಗಿಸಿದ.

"ತಿಳಿಯಿತು ಗುರುಗಳೇ. ಇನ್ನು ಅವಸರಪಡುವುದಿಲ್ಲ. ನಾನೂ ಕಾಯುತ್ತೇನೆ."

ಗುರುಗಳು ಕೇಳಿದರು: "ಮುರಿಗೆಪ್ಪನಿಗಿಂತ ಎಷ್ಟು ದಿನ ಹೆಚ್ಚು?"