ಬಳೆ ಓಬಳಯ್ಯ ಹೊತ್ತ ಕಂಪ್ಯೂಟರು

ಪುಟ್ಟಗಂಗೆ ಮೊದಲ ಮಾತು ಆಡಿದ್ದು ಲೈಬ್ರರಿಯ ಕಂಪ್ಯೂಟರಿನಲ್ಲಿ. ಬಲಗೈಯ ಗೆಣ್ಣಿನಿಂದ ಒಂದೊಂದೇ ಕೀಲಿ ಒತ್ತಿದಳು. ಅಪ್ಪ ಬಳೆ ಓಬಳಯ್ಯ ಪಕ್ಕದಲ್ಲಿ ನಿಂತಿದ್ದ. ಪರದೆಯ ಮೇಲೆ ಎರಡು ಪದ ಬಂತು.

ಹಸಿರು ಬೇಡ.

ಕಂಪ್ಯೂಟರಿನ ಬೆನ್ನು ಗುಡಾಣದ ಹಾಗೆ ಉಬ್ಬಿದ್ದ ಕಾಲದಲ್ಲಿ, ಕರೇಕಲ್ಲು ಎಂಬ ಊರಿನಲ್ಲಿ ನಡೆದದ್ದಂತೆ ಇದು. ಪುಟ್ಟಗಂಗೆಗೆ ಆಗ ಮೂವತ್ತು ದಾಟಿತ್ತಂತೆ. ಚಿಕ್ಕಂದಿನಲ್ಲಿ ಜ್ವರ ಬಂದು ನಾಲಿಗೆ ಬಿದ್ದುಹೋಗಿತ್ತು. ಕೈ ಎರಡೂ ನಡುಗುತ್ತಿದ್ದವು. ಬಳಪ ಹಿಡಿದರೆ ಮುರಿಯುತ್ತಿತ್ತು. ಬಳೆ ತೊಡಿಸಿದರೆ ಒಂದು ವಾರ ಉಳಿಯುತ್ತಿರಲಿಲ್ಲ. ತಾಯಿ ಇರಲಿಲ್ಲ. ಓಬಳಯ್ಯ ಪ್ರತಿ ವಾರವೂ ಹಸಿರು ಗಾಜಿನ ಬಳೆ ತೊಡಿಸುತ್ತಿದ್ದ. ಅವಳಿಗೆ ಕೆಂಪು ಬೇಕಿತ್ತು. ಅಷ್ಟು ವರ್ಷ ಅದನ್ನು ಹೇಳುವ ದಾರಿ ಅವಳಿಗೆ ಇರಲಿಲ್ಲ. ಓದಲು ಲೈಬ್ರರಿಯ ತಿಪ್ಪೇಶಿ ಕಲಿಸಿದ್ದ. ಬರೆಯಲು ಕೀಲಿಮಣೆ ಸಿಕ್ಕಿತು.

ಓಬಳಯ್ಯ ಆ ದಿನ ಊರೆಲ್ಲ ತಿರುಗಿ ಹೇಳಿದನಂತೆ.

"ನನ್ನ ಮಗಳು ನನಗೇ ಬೈದಳು ಕಣ್ರಪ್ಪ!"

ಇನ್ನೊಂದು ಸಂಗತಿ ಹೇಳಬೇಕು. ಬಳೆಗಾರನ ಮನೆಯಲ್ಲಿ ಬಳೆ ಒಡೆಯಿತು ಅನ್ನುವುದಿಲ್ಲ. ಹೆಚ್ಚಿತು ಅನ್ನುತ್ತಾರೆ. ಮಡಕೆಯಲ್ಲಿ ಅಕ್ಕಿ ಮುಗಿದರೂ ಹೆಚ್ಚಿತು ಅಂತಲೇ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಎಷ್ಟೋ ಮನೆಗಳಲ್ಲಿ ಹೀಗೇ. ಆದರೆ ಓಬಳಯ್ಯ ಈ ವಿಷಯದಲ್ಲಿ ಬಹಳ ಗಟ್ಟಿಯಂತೆ. ಕಿಸೆಯಲ್ಲಿ ಬಿಡಿಗಾಸಿಲ್ಲದಿದ್ದರೂ ಇಲ್ಲ ಅನ್ನುತ್ತಿರಲಿಲ್ಲವಂತೆ.

ಒಂದು ವರ್ಷ ಅಪ್ಪ ಮಗಳು ಹಾಗೆ ಮಾತಾಡಿದರು. ಅವಳು ಒತ್ತುವಳು, ಅವನು ಓದುವನು. ಸಾರಿಗೆ ಉಪ್ಪು ಜಾಸ್ತಿ. ನಿನ್ನ ಗೊರಕೆ ಜೋರು. ಅಮ್ಮ ಹೇಗಿದ್ದಳು. ಎಲ್ಲ ಆ ಪೆಟ್ಟಿಗೆಯ ಒಳಗೆ ಉಳಿಯಿತು.

ಪೆಟ್ಟಿಗೆ ಮೊದಲೇ ಹಳೆಯದು. ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟದ್ದು. ದಿನ ಕಳೆದ ಹಾಗೆ ನಿಧಾನವಾಯಿತು. ಅವಳು ಒಂದು ಅಕ್ಷರ ಒತ್ತಿ, ಅದು ಪರದೆಗೆ ಬರುವಷ್ಟರಲ್ಲಿ ಮೇಕೆಯ ಹಾಲು ಕರೆದು ಬರಬಹುದಿತ್ತು ಅನ್ನುತ್ತಾರೆ. ಕೊನೆಗೆ ಒಂದು ಬೆಳಿಗ್ಗೆ ತೆರೆದುಕೊಳ್ಳಲೇ ಇಲ್ಲ. ಪರದೆಯ ಮೇಲೆ ಏನೋ ಸುತ್ತುತ್ತ ನಿಂತಿತು.

ತಿಪ್ಪೇಶಿ ಕೈಚೆಲ್ಲಿದ.

"ಮೆಮರಿ ಸಾಲದು ಓಬಳಯ್ಯನೋರೆ. ಸಂತೆ ದಿನ ಗುಜರಿ ಗಾಡಿ ಬರುತ್ತೆ. ಹಾಕಿಬಿಡಿ ಅಂದಿದ್ದಾರೆ ಪಂಚಾಯ್ತಿಯವರು."

"ರಿಪೇರಿ ಮಾಡು."

"ಇದು ಬಳೆ ಅಲ್ಲ, ಸೋಪು ಹಚ್ಚಿ ತೂರಿಸೋಕೆ."

"ಗಾಡಿಯವನು ಮುಟ್ಟಲಿ ನೋಡ್ತೀನಿ," ಅಂದ ಓಬಳಯ್ಯ.

ತಾಲ್ಲೂಕಿನ ಪೇಟೆಯಲ್ಲಿ ನಸೀಮಾ ಎಂಬ ಹುಡುಗಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಅವಳ ತಾಯಿಗೆ ಮದುವೆಯ ಬಳೆ ತೊಡಿಸಿದವನು ಓಬಳಯ್ಯ. ಅವಳಿಗೆ ಫೋನು ಮಾಡಿದ. ಹಳೇ ಪೆಟ್ಟಿಗೆ ಏಳುತ್ತಿಲ್ಲ ಅಂದ. ಬೇರೆ ಏನಾದರೂ ಹಾಕಿ ಎಬ್ಬಿಸಬಹುದು, ಕಂಪ್ಯೂಟರ್ ನಡೆಸೋಕೆ ಲಿನಕ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ, ಅದರಲ್ಲಿ ದೊಡ್ಡದೂ ಇದೆ ಚಿಕ್ಕದೂ ಇದೆ ಅಂದಳು ಅವಳು. ಮೆಮರಿ ಹೇಗಿದೆ ಅಂತ ಕೇಳಿದಳು.

"ಹೆಚ್ಚಿದೆ ಕಣವ್ವ," ಅಂದ ಓಬಳಯ್ಯ.

"ಹಾಗಾದ್ರೆ ಯೋಚನೆ ಇಲ್ಲ ತಾತ!"

ಅವಳು ದೊಡ್ಡದನ್ನೇ ಸೀಡಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದಳು.

ತಿಪ್ಪೇಶಿ ಸೀಡಿ ತೂರಿಸಿದ. ಪೆಟ್ಟಿಗೆ ರಾಗಿಕಲ್ಲಿನ ಹಾಗೆ ಗುರುಗುಟ್ಟಿತು. ಅರ್ಧಕ್ಕೆ ನಿಂತಿತು. ಮತ್ತೆ ತೂರಿಸಿದ. ಮತ್ತೆ ನಿಂತಿತು. ಪುಟ್ಟಗಂಗೆ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವಳ ಕೈ ಅಂದು ಎಂದಿಗಿಂತ ಜೋರಾಗಿ ನಡುಗಿ, ಎರಡು ಬಳೆ ಹೆಚ್ಚಿದವಂತೆ.

ಓಬಳಯ್ಯ ಮಲಾರ ಇಳಿಸಿದ. ಬಳೆ ಪೋಣಿಸಿ ಹೊರುವ ಆ ಹೊರೆ, ಹರೆಯದಿಂದ ಅವನ ಹೆಗಲು ಬಿಟ್ಟದ್ದಿಲ್ಲ. ಅದನ್ನು ಗೋಡೆಯ ಮೊಳೆಗೆ ಹಾಕಿದ. ಲೈಬ್ರರಿಗೆ ಹೋಗಿ ಪೆಟ್ಟಿಗೆಯನ್ನು ಬಳೆಯ ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಏರಿಸಿದ. ಮಗಳನ್ನು ಕರೆದ. ತಿಪ್ಪೇಶಿ ತಡೆಯಲು ಬಂದನಂತೆ, ಮುಖ ನೋಡಿ ದಾರಿ ಬಿಟ್ಟನಂತೆ.

ಅಂದು ಬಸ್ಸು ಬರಲಿಲ್ಲ. ಅಪ್ಪ ಮಗಳು ನಡೆದರು. ಮೂರು ದಿನ ನಡೆದರು ಅನ್ನುವವರಿದ್ದಾರೆ. ಗುಡಾಣದಂಥ ಪರದೆಯನ್ನೂ ತಲೆಯ ಮೇಲೆ ಹೊತ್ತಿದ್ದ ಅನ್ನುವವರಿದ್ದಾರೆ. ಕೆರೆಯ ಅಂಗಳದಲ್ಲಿ ಅಡ್ಡ ಬಂದ ಕೋಣ ಅವನನ್ನು ಕಂಡು ಹಿಂದೆ ಸರಿಯಿತು ಅನ್ನುವವರೂ ಇದ್ದಾರೆ. ದಾರಿ ಅರ್ಧ ದಿನದ್ದು. ಹೊತ್ತದ್ದು ಪೆಟ್ಟಿಗೆ ಒಂದೇ. ಕೋಣದ ವಿಷಯ ಗೊತ್ತಿಲ್ಲ.

ನಸೀಮಾ ಪೆಟ್ಟಿಗೆ ಬಿಚ್ಚಿದಳು. ಒಳಗೆ ನೋಡಿದಳು. ರೇಗಿದಳು.

"ಏನು ತಾತ ಇದು! ಇಷ್ಟೇ ಇಷ್ಟು ಮೆಮರಿ ಇಟ್ಕೊಂಡು ಹೆಚ್ಚಿದೆ ಅಂದ್ರಲ್ಲ?"

"ಹೌದು. ಹೆಚ್ಚಿದೆ."

"ಇಲ್ಲವೇ ಇಲ್ಲ ಇದರಲ್ಲಿ!"

"ಅದನ್ನೇ ಹೇಳಿದ್ದು. ಹೆಚ್ಚಿದೆ ಅಂತ. ಮುಗಿದಿದೆ ಅಂತ ಬಾಯಿಬಿಟ್ಟು ಅನ್ನೋಕಾಗುತ್ತಾ?"

ನಸೀಮಾ ನಗತೊಡಗಿದಳು. ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದಳು.

"ನಮ್ಮ ಅಬ್ಬಾನೂ ಹೀಗೇ ತಾತ. ಸಂಜೆ ಅಂಗಡಿ ಮುಚ್ಚಿದೆ ಅನ್ನಲ್ಲ. ಅಂಗಡಿ ಬೆಳೆಸಿದೆ ಅಂತಾರೆ ನಮ್ಮ ಉರ್ದು ಮಾತಲ್ಲಿ. ನಂಗೆ ಹೊಳೀಲೇ ಇಲ್ಲ ನೋಡಿ."

"ನಿಮ್ಮಪ್ಪನಿಗೆ ಫೋನ್ ಮಾಡಿದ್ರೆ ಕೆಲಸ ಆಗ್ತಿತ್ತು ಹಾಗಾದ್ರೆ," ಅಂದ ಓಬಳಯ್ಯ. ಅವನು ನಗಲಿಲ್ಲ.

ಅವಳು ಕೆಲಸಕ್ಕೆ ಕೂತಳು. ಇಷ್ಟು ಹಳೆಯದಕ್ಕೆ ಮೆಮರಿ ಎಲ್ಲೂ ಸಿಗುವುದಿಲ್ಲ, ಇರುವುದರಲ್ಲೇ ಆಗಬೇಕು ಅಂದಳು. ಹಗುರವಾದದ್ದೊಂದು ಹಾಕಿ ನೋಡಿದಳು. ಪೆಟ್ಟಿಗೆ ಏಳಲಿಲ್ಲ. ಅದಕ್ಕಿಂತ ಹಗುರವಾದದ್ದು ಹಾಕಿದಳು. ಎದ್ದಿತು, ಮಲಗಿತು. ಓಬಳಯ್ಯ ನೋಡುತ್ತಲೇ ಇದ್ದ. ಅವನಿಗೆ ಇದು ಗೊತ್ತಿದ್ದ ಕೆಲಸ. ಕೈ ಹಿಡಿದು ನೋಡಿ, ಒಂದು ಸುತ್ತು ಚಿಕ್ಕದು, ಇನ್ನೊಂದು ಸುತ್ತು ಚಿಕ್ಕದು ಅಂತ ಬಳೆ ಹುಡುಕುವುದಿಲ್ಲವೇ.

"ಇನ್ನೊಂದು ಸುತ್ತು ಇಳಿ," ಅಂದ.

ಇಳಿದಳು. ಪೆಟ್ಟಿಗೆ ಎದ್ದಿತು. ಎದ್ದು ನಿಂತಿತು. ಬಣ್ಣವಿಲ್ಲ, ಚಿತ್ರವಿಲ್ಲ, ಬೋಳು ಬೋಳು ಪರದೆ. ಆದರೆ ಒತ್ತಿದ್ದಕ್ಕೆ ತಕ್ಷಣ ಓಗೊಡುತ್ತಿತ್ತು.

ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಇದನ್ನು ಇಲ್ಲೇ ನೆಲೆಗೊಳಿಸಬೇಕಾದರೆ ಪೆಟ್ಟಿಗೆಯಲ್ಲಿ ಇರುವುದನ್ನೆಲ್ಲ ಅಳಿಸಬೇಕು, ಅಳಿಸಲೇ ಅಂತ. ನಸೀಮಾ ಓದಿ ಹೇಳಿದಳು. ಒಳಗಿದ್ದ ಬರಹ ಹೊರಗೆ ತೆಗೆಯಲು ಆಗಲೇ ನೋಡಿದ್ದಳಂತೆ. ಬಂದಿರಲಿಲ್ಲ, ಎಲ್ಲ ಕೆಟ್ಟಿತ್ತು.

ಓಬಳಯ್ಯ ಸ್ಟೂಲಿನ ಮೇಲೆ ಕೂತ. ಮಗಳ ಒಂದು ವರ್ಷದ ಮಾತು ಅದರೊಳಗಿತ್ತು. ಅವಳ ಬಾಯಿಂದ ಬೇರೆ ಮಾತು ಅವನು ಕೇಳಿದವನಲ್ಲ. ಅಳಿಸು ಅನ್ನುವ ಪದ ಅವನ ನಾಲಿಗೆಗೆ ಬರುವುದೇ ಇಲ್ಲ.

"ಬೇಡ," ಅನ್ನಲು ಬಾಯಿ ತೆರೆದ.

ಪುಟ್ಟಗಂಗೆ ಎದ್ದು ಬಂದಳು. ಎಡಗೈಯಿಂದ ಬಲಗೈ ಹಿಡಿದುಕೊಂಡಳು. ಗೆಣ್ಣು ಇಳಿಸಿ ಒತ್ತಿದಳು.

ಎಲ್ಲ ಹೋಯಿತು.

ಹೊಸದು ಒಳಗಿಳಿಯತೊಡಗಿತು. ಮುಗಿದಾಗ ನಸೀಮಾ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಪುಟ್ಟಗಂಗೆಯ ಮುಂದೆ ಸರಿಸಿದಳು. ಪುಟ್ಟಗಂಗೆ ಒತ್ತಿದಳು. ಪರದೆಯ ಮೇಲೆ ಬಂದದ್ದು ಅಕ್ಷರವಲ್ಲ, ಚೌಕ. ಇನ್ನೊಂದು ಒತ್ತಿದಳು. ಇನ್ನೊಂದು ಚೌಕ. ಸಾಲಾಗಿ ಖಾಲಿ ಚೌಕ, ಗೂಡು ಗೂಡು.

ಇದ್ದದ್ದನ್ನೂ ಕಳೆದು ಮಗಳ ಬಾಯಿಗೆ ಬೀಗ ಹಾಕಿಸಿದೆನಲ್ಲ ಅಂದುಕೊಂಡ ಓಬಳಯ್ಯ. ಆದರೂ ಎದ್ದು ಹೋಗಲಿಲ್ಲ. ಪುಟ್ಟಗಂಗೆಯೂ ನಿಲ್ಲಿಸಲಿಲ್ಲ. ಚೌಕ ಬಂದರೂ ಒತ್ತಿದಳು. ತಾನು ಒತ್ತುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತು.

"ಕನ್ನಡದ ಅಕ್ಷರ ಹಾಕಿಲ್ಲ ಇನ್ನೂ. ಮರೆತೆ, ತಡೀರಿ," ಅಂದಳು ನಸೀಮಾ. ಅಕ್ಷರದ ಕಡತ ಹುಡುಕಿ ತಂದು ಒಳಗೆ ಸೇರಿಸಿದಳು. ಪುಟ್ಟಗಂಗೆ ಒತ್ತಿದ್ದನ್ನು ನಸೀಮಾ ಮುಚ್ಚಿ ಮತ್ತೆ ತೆರೆದಳು.

ಚೌಕಗಳೆಲ್ಲ ಅಕ್ಷರವಾಗಿ ನಿಂತಿದ್ದವು.

ಹಸಿರು ಬೇಡ.

ಓಬಳಯ್ಯ ಅಂದು ನಕ್ಕದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತ್ತಂತೆ.

ಸಂತೆಯ ದಿನ ಗುಜರಿ ಗಾಡಿ ಬಂತು, ಖಾಲಿ ಹೋಯಿತು. ಪೆಟ್ಟಿಗೆ ಲೈಬ್ರರಿಯಲ್ಲಿ ಬಹಳ ವರ್ಷ ನಡೆಯಿತು. ಓಬಳಯ್ಯ ತೀರಿಕೊಂಡ ಮೇಲೂ ನಡೆಯಿತು. ಆಮೇಲೆ ಪುಟ್ಟಗಂಗೆಯೂ ಹೋದಳು. ಈಗ ಅಲ್ಲಿರುವುದು ಬೇರೆ ಕಂಪ್ಯೂಟರು.

ಕರೇಕಲ್ಲಿನಲ್ಲಿ ಇವತ್ತಿಗೂ ಕಂಪ್ಯೂಟರ್ ಆಫ್ ಮಾಡು ಅನ್ನುವುದಿಲ್ಲ. ದೊಡ್ಡದು ಮಾಡು ಅನ್ನುತ್ತಾರೆ. ಅದರ ಮೂಲೆಗೆ ಒಂದು ಗಾಜಿನ ಬಳೆ ನೇತುಹಾಕಿರುತ್ತಾರೆ. ಅದು ಹೆಚ್ಚಿದರೆ ಇನ್ನೊಂದು ಹಾಕುತ್ತಾರೆ. ಕೆಂಪು ಬಳೆ. ಹಸಿರು ಹಾಕುವುದಿಲ್ಲ.