ಸೌಟು ಕೊಟ್ಟರೂ ಹಿತ್ತಲಿಗೆ ಹೋಗದವರು

ಕರಿಗಲ್ಲೂರಿನ ಶ್ರೀ ನಿರಂಜನಾರ್ಯ ಶಿವಯೋಗಿಗಳು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ದರ್ಶನಕ್ಕೆ ಬಂದವರು ಪೂಜ್ಯರನ್ನು ಹುಡುಕಿಕೊಂಡು ಅಡುಗೆಮನೆಯ ಪಡಸಾಲೆಗೇ ಹೋಗಬೇಕಾಗುತ್ತಿತ್ತು. ಅಲ್ಲಿ ಒಂದು ಗೋಣಿತಾಟಿನ ಮೇಲೆ ಕುಳಿತು, ಮುತ್ತುಗದ ಎಲೆಗಳನ್ನು ಮುಂದೆ ಹರವಿಕೊಂಡು, ಸಣ್ಣ ಕಡ್ಡಿಗಳಿಂದ ಪತ್ರಾವಳಿ ಹಚ್ಚುತ್ತಿದ್ದರು. ಅಂದಿನ ದಾಸೋಹದ ಕೊನೆಯ ಪಂಕ್ತಿ ಎದ್ದ ಮೇಲೂ ಆ ಕೈಗಳು ನಾಳಿನವರ ಊಟಕ್ಕೆ ಎಲೆ ಹಚ್ಚುತ್ತಲೇ ಇರುತ್ತಿದ್ದವು. ಸುತ್ತಲಿನ ಹಳ್ಳಿಗಳವರು ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು. ಮಾತು ಬಹಳ ಕಡಿಮೆ. ಉಪದೇಶ ಮಾಡಿರೆಂದು ಯಾರಾದರೂ ಗಂಟುಬಿದ್ದರೆ, "ಮೊದಲ ಉಣ್ಣಾಕ ನಡೀರಿ" ಎಂದು ಪಂಕ್ತಿಗೆ ಕಳಿಸಿಬಿಡುವರು. ಉಂಡು ಬಂದವರಿಗೆ ಉಪದೇಶದ ನೆನಪೇ ಇರುತ್ತಿರಲಿಲ್ಲ.

ಅಂಥ ಪಡಸಾಲೆಗೆ ಒಂದು ಶುಕ್ರವಾರ ಮುಂಜಾನೆ ಶಂಭುಲಿಂಗಪ್ಪ ಅರಳೇಶ್ವರ ಅವರು ಬಂದರು. ಶಂಭುಲಿಂಗಪ್ಪನವರು ಸರ್ಕಾರದಲ್ಲಿ ಪ್ರಧಾನ ಕಾರ್ಯದರ್ಶಿಗಳು. ರಾಜ್ಯದ ವಿದ್ಯಾರ್ಥಿನಿಲಯಗಳೆಲ್ಲ ಅವರ ಇಲಾಖೆಗೆ ಸೇರಿದ್ದವು. ಮಠಕ್ಕೆ ಹಳೆಯ ಭಕ್ತರು. ಬಂದಾಗಲೆಲ್ಲ ಅವರ ಕಾರಿನ ಹಿಂದೆ ತಹಶೀಲ್ದಾರರ ಜೀಪು, ಅದರ ಹಿಂದೆ ಇನ್ನೆರಡು ಜೀಪು ಬರುವುದು ರೂಢಿ. ಈ ಸಲ ಪರಿಚಯದವರೊಬ್ಬರ ಕಾರಿನಲ್ಲಿ ಒಬ್ಬರೇ ಬಂದಿದ್ದರು, ಅದೂ ಮಹಾದ್ವಾರ ಬಿಟ್ಟು ಪಕ್ಕದ ಬಾಗಿಲಿನಿಂದ. ಆರು ತಿಂಗಳಿನಿಂದ ಅವರ ಹೆಸರು ಪತ್ರಿಕೆಗಳಲ್ಲಿ ಒದ್ದಾಡುತ್ತಿತ್ತು. ವಿದ್ಯಾರ್ಥಿನಿಲಯಗಳಿಗೆ ಮಂಚ, ಗಾದಿ ಪೂರೈಸುವ ಗುತ್ತಿಗೆ ಅವರ ಹೆಂಡತಿಯ ತಮ್ಮ ಮಹಾಂತೇಶನ ಕಂಪನಿಗೆ ಸಿಕ್ಕಿತ್ತು. ಭಾವನ ಇಲಾಖೆ, ಭಾವಮೈದುನನ ಗುತ್ತಿಗೆ ಎಂದು ವಿಧಾನಸಭೆಯಲ್ಲೂ ಗಲಾಟೆಯಾಗಿ, ವಿಚಾರಣೆಗೆ ಆದೇಶವಾಗಿತ್ತು. ಬರುವ ಸೋಮವಾರ ಶಂಭುಲಿಂಗಪ್ಪನವರು ವಿಚಾರಣಾಧಿಕಾರಿಗಳ ಮುಂದೆ ಹೇಳಿಕೆ ಕೊಡಬೇಕಿತ್ತು.

ಆದರೂ ಅಂದು ಅವರ ಮುಖದಲ್ಲಿ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ತಪ್ಪಿಲ್ಲದೆ ಸಿಕ್ಕಿಬಿದ್ದಿದ್ದೇನೆಂದು ಅವರು ಮನಸಾರೆ ನಂಬಿದ್ದರು. ಆ ಗುತ್ತಿಗೆಯ ಫೈಲಿನಲ್ಲಿ ಅವರ ಸಹಿಯೇ ಇರಲಿಲ್ಲ! ಫೈಲು ಮಂಜೂರಾದ ದಿನ ಅವರು ರಜೆಯಲ್ಲಿದ್ದರು. ರಜೆ ಹಾಕಿ ಎಲ್ಲಿಗೆ ಹೋಗಿದ್ದರು? ಇದೇ ಕರಿಗಲ್ಲೂರಿಗೆ, ಇದೇ ಮಠಕ್ಕೆ, ದಾಸೋಹ ಸೇವೆಗೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೇನು ಬೇಕು?

"ಬರ್ರಿ ಶಂಭುಲಿಂಗಪ್ಪ, ಕೂಡ್ರಿ," ಎಂದರು ಪೂಜ್ಯರು, ಎಲೆಯಿಂದ ಕಣ್ಣೆತ್ತದೆ.

ಶಂಭುಲಿಂಗಪ್ಪನವರು ಸಾಷ್ಟಾಂಗ ಮಾಡಿ, ಬರಿನೆಲದ ಮೇಲೆ ಕುಳಿತು, ಚೀಲದಿಂದ ಟೈಪು ಮಾಡಿಸಿದ ಒಂದು ಹಾಳೆ ತೆಗೆದರು.

"ಅಜ್ಜಾರ, ನನ್ನ ಮಾನ ಈಗ ನಿಮ್ಮ ಕೈಯಾಗೈತ್ರಿ. ಇದಕ್ಕ ನಿಮ್ಮದೊಂದು ಸಹಿ ಆದ್ರ ಸಾಕು. ಇದರಾಗ ಒಂದಕ್ಷರ ಸುಳ್ಳಿಲ್ರಿ. ಆ ದಿನ ನಾ ಇಲ್ಲೇ ಇದ್ದೆ ಅಂತ, ಅಷ್ಟ ಬರಸೀನಿ."

"ಓದ್ರಿ."

ಅವರು ಕಚೇರಿಯ ಧ್ವನಿಯಲ್ಲಿ ಓದಿದರು. ಸದರಿ ದಿನದಂದು ಶ್ರೀ ಶಂಭುಲಿಂಗಪ್ಪ ಅರಳೇಶ್ವರ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಶ್ರೀಮಠದಲ್ಲಿಯೇ ಇದ್ದು, ದಾಸೋಹದಲ್ಲಿ ಬಡಿಸುವ ಸೇವೆ ಸಲ್ಲಿಸಿದರೆಂದು ಈ ಮೂಲಕ ದೃಢೀಕರಿಸಲಾಗಿದೆ. ಇಷ್ಟೇ. ಪೂಜ್ಯರು ಕಡ್ಡಿ ಮುರಿದು ಎಲೆಗೆ ಚುಚ್ಚಿದರು.

"ಆ ಫೈಲಿನ ಮ್ಯಾಲೆ ಸಹಿ ಯಾರದೈತಿ?"

"ಉಪಕಾರ್ಯದರ್ಶಿ ಒಬ್ಬರು ಅದಾರ್ರಿ. ನಾ ರಜಾ ಇದ್ದಾಗ ಅವರಿಗೇ ಚಾರ್ಜು."

"ಹೆಸರು?"

ತಾವು ಬರೆಸಿದ ಹಾಳೆಯಲ್ಲಿ ಈ ಹೆಸರು ಬರದಂತೆ ಶಂಭುಲಿಂಗಪ್ಪನವರು ಬಹಳ ಜತನ ಮಾಡಿದ್ದರು. "ಸುಮಿತ್ರಾ ಬಾರಕೇರ ಅಂತ್ರಿ," ಎಂದರು.

"ಈ ಕಾಗದ ಅಲ್ಲಿಗೆ ಮುಟ್ಟಿದ ಮ್ಯಾಲೆ ಆ ತಾಯಿಗೆ ಏನಾಗತೈತಿ?"

ಬೆಂಗಳೂರಿನಿಂದ ಬರುವ ದಾರಿಯುದ್ದಕ್ಕೂ ಅವರು ನೂರು ಪ್ರಶ್ನೆಗಳಿಗೆ ಉತ್ತರ ಹೊಂದಿಸಿಕೊಂಡಿದ್ದರು. ಈ ಪ್ರಶ್ನೆ ಆ ನೂರರಲ್ಲಿ ಇರಲಿಲ್ಲ. ಇರಲಿಲ್ಲವೆಂದರೂ ತಪ್ಪಾದೀತು, ಅವರ ವಕೀಲರೇ ಅದನ್ನು ಹೇಳಿದ್ದರು. "ಯಾರಾದರೊಬ್ಬರ ತಲೆಗೆ ಬರಲೇಬೇಕಲ್ಲ ಸರ್, ಸಹಿ ಮಾಡಿದವರು ನೋಡಿಕೊಳ್ಳುತ್ತಾರೆ," ಎಂದು ಅವರು ನಕ್ಕಾಗ ಶಂಭುಲಿಂಗಪ್ಪನವರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದರು.

"ಇಲಾಖೆ ವಿಚಾರಣೆ ಆಗತೈತ್ರಿ. ಅಮಾನತು ಆಗಬಹುದು. ಕೆಲಸಾನೂ ಹೋಗಬಹುದು," ಎಂದರು, ಧ್ವನಿ ತಗ್ಗಿಸಿ. ಕೂಡಲೇ ಸಮಜಾಯಿಷಿಗೆ ಇಳಿದರು. "ಆದರ ಅಜ್ಜಾರ, ಮಂಚ ಗಟ್ಟಿ ಅದಾವ್ರಿ. ಹುಡುಗರು ನೆಲಾ ಬಿಟ್ಟು ಮಂಚದ ಮ್ಯಾಲೆ ಮಲಗಾಕ ಹತ್ಯಾರ. ಸರ್ಕಾರಕ್ಕ ಲುಕ್ಸಾನಿಲ್ಲ. ನಾ ಒಂದು ಪೈಸೆ ಮುಟ್ಟಿಲ್ಲ. ನನ್ನ ಕೈ ಸ್ವಚ್ಛ ಐತ್ರಿ."

ಪೂಜ್ಯರು ಹಚ್ಚುತ್ತಿದ್ದ ಪತ್ರಾವಳಿಯನ್ನು ಪಕ್ಕಕ್ಕಿಟ್ಟರು. ಕೈ ಒರೆಸಿಕೊಂಡು, "ಪೆನ್ನು ಕೊಡ್ರಿ," ಎಂದರು. ಶಂಭುಲಿಂಗಪ್ಪನವರ ಎದೆಯ ಮೇಲಿಂದ ಒಂದು ಮಣ ಭಾರ ಇಳಿಯಿತು. ಪೆನ್ನಿನ ಟೊಪ್ಪಿಗೆ ತೆಗೆದು ಎರಡೂ ಕೈಗಳಿಂದ ಕೊಟ್ಟರು.

"ನೀವು ಇಲ್ಲಿದ್ದದ್ದು ಖರೇ. ಸಹಿ ಮಾಡತೇವು. ಆದರ ಒಂದು ಮಾತು ಬಿಟ್ಟೀರಿ, ಅದನ್ನೂ ಸೇರಿಸ್ರಿ."

"ಯಾವುದ್ರಿ ಅಜ್ಜಾರ?"

"ಸೌಟು ಕೊಟ್ಟರು, ಹಿತ್ತಲಕ್ಕ ಹೋಗಲಿಲ್ಲ ಅಂತ."

ಕರಿಗಲ್ಲೂರಿನ ದಾಸೋಹವನ್ನು ಕಾಣದ ಭಕ್ತರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಈ ಮಠದಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ಬಡಿಸುವವರು ತಮ್ಮ ಮನೆಯವರು ಕುಳಿತ ಪಂಕ್ತಿಗೆ ಬಡಿಸುವಂತಿಲ್ಲ. ತಮ್ಮವರು ಕುಳಿತದ್ದು ಕಂಡ ಕೂಡಲೇ ಸೌಟನ್ನು ಬೇರೆಯವರ ಕೈಗೆ ಕೊಡಬೇಕು. ಅಷ್ಟಕ್ಕೆ ಮುಗಿಯಲಿಲ್ಲ, ಆಮೇಲೆ ಹಿತ್ತಲಿಗೆ ಹೋಗಿ, ಗೋಡೆಯ ಆಚೆ ನಿಂತು, ಆ ಪಂಕ್ತಿ ಪೂರ್ತಿ ಎದ್ದ ಮೇಲೆಯೇ ಒಳಗೆ ಬರಬೇಕು. ಸೌಟು ಕೊಡುವುದು ಎಲ್ಲರ ಕಣ್ಣಿಗೂ ಬೀಳುವ ಕೆಲಸವಾದ್ದರಿಂದ ಅದನ್ನು ಯಾರೂ ಮರೆಯುವುದಿಲ್ಲ. ಹಿತ್ತಲಿಗೆ ಹೋಗಿ ನಿಲ್ಲುವುದನ್ನು ಯಾರೂ ನೋಡುವುದಿಲ್ಲ, ಹೊಗಳುವುದೂ ಇಲ್ಲ. ಮರೆಯುವುದು ಅದನ್ನೇ.

ಶಂಭುಲಿಂಗಪ್ಪನವರಿಗೆ ಆ ದಿನ ಕಣ್ಣಿಗೆ ಕಟ್ಟಿತು. ಗೋಧಿ ಹುಗ್ಗಿಯ ಬೋಗುಣಿ ಹಿಡಿದು ಎರಡು ಪಂಕ್ತಿ ಬಡಿಸಿದ್ದರು. ಮೂರನೆಯದಕ್ಕೆ ಹೆಂಡತಿ ಗಿರಿಜಾ, ಪಕ್ಕದಲ್ಲಿ ಮಹಾಂತೇಶ ಬಂದು ಕುಳಿತರು. ಪದ್ಧತಿ ಬಲ್ಲವರಲ್ಲವೇ, ಕೂಡಲೇ ಸೌಟನ್ನು ತಮ್ಮ ಕಾರಿನ ಡ್ರೈವರ್ ದಾವಲಸಾಬನ ಕೈಗೆ ಕೊಟ್ಟಿದ್ದರು. ಪಂಕ್ತಿಯವರೆಲ್ಲ ನೋಡಿ, ಸಾಹೇಬರು ಎಷ್ಟು ನೇಮಸ್ತರು ಎಂದು ತಲೆದೂಗಿದ್ದರು. ಆದರೆ ಸಾಹೇಬರು ಅಲ್ಲಿಂದ ಕದಲಲಿಲ್ಲ. ದಾವಲಸಾಬನ ಬೆನ್ನ ಹಿಂದೆಯೇ ನಿಂತರು. ಮಹಾಂತೇಶನ ಎಲೆಯ ಮುಂದೆ ದಾವಲಸಾಬನ ಕೈ ತಡೆದಾಗ ಸಣ್ಣಗೆ ಕೆಮ್ಮಿ ಹುಬ್ಬು ಹಾರಿಸಿದರು. ಹನ್ನೆರಡು ವರ್ಷ ಸಾಹೇಬರ ಹುಬ್ಬು ನೋಡಿಯೇ ಕಾರು ಓಡಿಸಿದವನಿಗೆ ಬಾಯಿಬಿಟ್ಟು ಹೇಳುವುದೇನಿತ್ತು? ಎರಡು ಸೌಟು ಹುಗ್ಗಿ, ಮೇಲೆ ಧಾರೆ ತುಪ್ಪ ಬಿತ್ತು. ಬೋಗುಣಿಯ ತಳ ಕಂಡಿತು. ಪಕ್ಕದಲ್ಲಿ ಕುಳಿತಿದ್ದ, ಹರಿದ ಸೀರೆಯ ಒಬ್ಬ ಮುದುಕಿಯ ಎಲೆಗೆ ಸೌಟು ಕೆರೆದಷ್ಟು ಬಿತ್ತು. ಆಕೆ ಒಂದು ಮಾತೂ ಆಡದೆ ಬೆರಳಿನಿಂದ ಅದನ್ನೇ ನೆಕ್ಕಿದಳು. ಸ್ವಲ್ಪ ಹೊತ್ತಿಗೆ ಪೂಜ್ಯರು ತಾವೇ ಎದ್ದು ಒಳಗಿನಿಂದ ಹುಗ್ಗಿ ತಂದು ಆ ಮುದುಕಿಗೆ ಬಡಿಸಿದಾಗ, ಶಂಭುಲಿಂಗಪ್ಪನವರು ಅಜ್ಜಾರ ಕರುಣೆ ದೊಡ್ಡದೆಂದು ಕೈಮುಗಿದಿದ್ದರು. ಆ ಕರುಣೆಗೆ ಕಾರಣ ತಾವೆಂದು ಅವರಿಗೆ ಹೊಳೆದಿರಲಿಲ್ಲ.

ಈಗ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು, ಪೂಜ್ಯರು ಕಾಣದಿದ್ದುದೂ ಹೊಳೆಯಿತು. ಅದೇ ಮಧ್ಯಾಹ್ನ ಊಟವಾದ ಮೇಲೆ ಅವರು ಮಠದ ಬೇವಿನ ಮರದ ಕೆಳಗೆ ನಿಂತು ಫೋನು ಮಾಡಿದ್ದರು. "ಆ ಮಂಚದ ಫೈಲು ಇವತ್ತ ಮುಗಸ್ರಿ ಸುಮಿತ್ರಾ. ನಾಳೆ ನಾ ಬಂದಾಗ ನನ್ನ ಟೇಬಲ್ ಮ್ಯಾಲೆ ಅದು ಇರಬಾರದು." ಆಕೆ ಅಂಜುತ್ತಲೇ, "ಸರ್, ಈ ಕಂಪನಿಯವರು ನಿಮಗ ಸಂಬಂಧ ಅಂತ ಕೇಳೀನ್ರಿ, ಮ್ಯಾಲಿನವರಿಗೆ ಬರೆದು ತಿಳಿಸೋದು ಒಳ್ಳೇದಲ್ರಿ?" ಎಂದಿದ್ದರು. "ಅದು ನಿಮಗ ಬ್ಯಾಡ. ಎಲ್ಲಾ ನಿಯಮದ ಪ್ರಕಾರ ಐತಿ, ಸಹಿ ಹಾಕ್ರಿ," ಎಂದು ಇವರು ಫೋನು ಇಟ್ಟಿದ್ದರು. ರಜೆ ಹಾಕಿದ್ದೇ ಅದಕ್ಕಾಗಿ. ಆರು ತಿಂಗಳಿನಿಂದ ಪ್ರತಿಯೊಬ್ಬರಿಗೂ, ಕೊನೆಗೆ ತಮಗೆ ತಾವೇ, ದಾಸೋಹಕ್ಕೆ ರಜೆ ಹಾಕಿದ್ದೆನೆಂದು ಹೇಳಿ ಹೇಳಿ ಅದನ್ನೇ ನಂಬಿಬಿಟ್ಟಿದ್ದರು.

ನಾಚಿಕೆಯೆಂಬುದು ಅವರಿಗೆ ಹೊಸದು. ಅಲ್ಲಿಯವರೆಗೆ ಅವರನ್ನು ಕಾಡಿದ್ದು ಅವಮಾನ. ಅವಮಾನ ಜನರೆದುರಿನದು, ಜನ ಮರೆತರೆ ಹೋಗುತ್ತದೆ. ಇದು ಹಾಗಿರಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಶಿವಪೂಜೆ ಮಾಡುವ ಜಾಗವನ್ನು ಬಚ್ಚಿಟ್ಟುಕೊಳ್ಳುವ ಜಾಗ ಮಾಡಿಕೊಂಡೆನಲ್ಲ, ಈಗ ಈ ಮಹಾತ್ಮರ ಸಹಿಯನ್ನೂ ಅದಕ್ಕೇ ಕೇಳಲು ಬಂದೆನಲ್ಲ ಎಂದು ಅವರ ಜೀವ ಹಿಡಿಯಷ್ಟಾಯಿತು. ತಡೆಯಲಾರದೆ ಆ ಫೋನಿನ ಸಂಗತಿಯನ್ನೂ ಪೂಜ್ಯರ ಮುಂದೆ ತೊದಲುತ್ತ ಹೇಳಿಬಿಟ್ಟರು.

ಪೂಜ್ಯರು ಪೆನ್ನಿಗೆ ಟೊಪ್ಪಿಗೆ ಹಾಕಿ ಹಿಂದಕ್ಕೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಶಂಭುಲಿಂಗಪ್ಪನವರು ಮುಂದೆ ಎಷ್ಟೋ ಸಲ ಹೇಳಿದ್ದುಂಟು.

"ಆ ಮುದುಕೀಗೆ ನಾವು ಮತ್ತ ಬಡಿಸಿದ್ವಿ," ಎಂದರು. "ಈ ತಾಯಿಗೆ ಬಡಿಸಾವ್ರು ಯಾರು?"

ಶಂಭುಲಿಂಗಪ್ಪನವರ ಕಣ್ಣಲ್ಲಿ ನೀರು ಬಂತು. "ತಪ್ಪಾತ್ರಿ ಅಜ್ಜಾರ. ಏನು ಪ್ರಾಯಶ್ಚಿತ್ತ ಹೇಳಿದ್ರೂ ಮಾಡತೀನಿ. ರುದ್ರಾಭಿಷೇಕ ಮಾಡಸ್ಲೇನ್ರಿ? ಒಂದು ತಿಂಗಳು ಇಲ್ಲೇ ಇದ್ದು ಸೇವಾ ಮಾಡ್ಲೇನ್ರಿ?"

"ಇಲ್ಲೇನೂ ಇಲ್ಲ. ಬೆಂಗಳೂರಿಗೆ ಹೋಗ್ರಿ."

ಇಷ್ಟು ಹೇಳಿ ಪೂಜ್ಯರು ಮತ್ತೊಂದು ಎಲೆ ಕೈಗೆತ್ತಿಕೊಂಡರು. ಅಂದು ಅವರು, ಮೊದಲ ಉಣ್ಣಾಕ ನಡೀರಿ ಎಂದೂ ಅನ್ನಲಿಲ್ಲ. ಶಂಭುಲಿಂಗಪ್ಪನವರು ಉಪವಾಸವೇ ಕಾರು ಹತ್ತಿದರು.

ಸೋಮವಾರ ವಿಚಾರಣೆಯ ಕೋಣೆಯ ಹೊರಗೆ, ಒಂದು ಬೆಂಚಿನ ತುದಿಗೆ ಸುಮಿತ್ರಾ ಬಾರಕೇರ ಕುಳಿತಿದ್ದರು. ಸಹಿ ಅವರದೆಂದು ಬಯಲಾದಂದಿನಿಂದ ಅವರ ಫೋಟೋ ಕೂಡ ಪತ್ರಿಕೆಯಲ್ಲಿ ಬರುತ್ತಿತ್ತು. ಮುಖ ಅರ್ಧಕ್ಕಿಳಿದಿತ್ತು. ಆದರೂ ಶಂಭುಲಿಂಗಪ್ಪನವರನ್ನು ಕಂಡೊಡನೆ ಹಳೆಯ ರೂಢಿಯಂತೆ ಎದ್ದು ನಿಂತು, "ನಮಸ್ಕಾರ ಸರ್," ಎಂದರು. ಆ ನಮಸ್ಕಾರಕ್ಕೆ ಅವರು ನೆಲ ನೋಡಿದರು.

ಮಠದ ಪತ್ರವೆಲ್ಲಿ ಎಂದು ವಕೀಲರು ಪಿಸುಗುಟ್ಟಿದರು. ತಂದಿಲ್ಲವೆಂದು ಹೇಳಿ ಶಂಭುಲಿಂಗಪ್ಪನವರು ಒಳಗೆ ಹೋದರು. ಸಂಬಂಧವನ್ನು ಸರ್ಕಾರಕ್ಕೆ ಬರೆದು ತಿಳಿಸದೆ ಮುಚ್ಚಿಟ್ಟದ್ದು ತಾವು; ಸಹಿ ತಮ್ಮದಾಗಬಾರದೆಂದು ರಜೆ ಹಾಕಿದ್ದು ತಾವು; ಫೋನು ಮಾಡಿ ಒತ್ತಾಯದಿಂದ ಸಹಿ ಹಾಕಿಸಿದ್ದು ತಾವು; ಆ ಹೆಣ್ಣುಮಗಳು ಎಚ್ಚರಿಸಿದರೂ ಬಾಯಿ ಮುಚ್ಚಿಸಿದ್ದೂ ತಾವೇ ಎಂದು ಒಂದೊಂದಾಗಿ ಹೇಳಿದರು. ವಿಚಾರಣಾಧಿಕಾರಿಗಳು ಬರೆಯುವುದನ್ನು ನಿಲ್ಲಿಸಿ, "ಇದನ್ನೆಲ್ಲ ದಾಖಲು ಮಾಡಿದರೆ ನಿಮಗೆ ಏನಾಗುತ್ತದೆಂದು ಗೊತ್ತಲ್ಲವೇ?" ಎಂದು ಕೇಳಿದರು.

"ನನಗೇನಾಗುತ್ತದೆ ಎಂದೇ ಇಷ್ಟು ದಿನ ಯೋಚಿಸಿದ್ದೆ ಸರ್. ಬರೆದುಕೊಳ್ಳಿ."

ಆಗಬೇಕಾದದ್ದು ಆಯಿತು. ಗುತ್ತಿಗೆ ರದ್ದಾಯಿತು, ಹುದ್ದೆ ಹೋಯಿತು. ಮಹಾಂತೇಶ ಮನೆಯ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಗಿರಿಜಮ್ಮನವರು ಬಹಳ ದಿನ ಗಂಡನೊಡನೆ ಮಾತು ಬಿಟ್ಟಿದ್ದರು. ಸುಮಿತ್ರಾ ಅವರ ಮೇಲಿನ ಆರೋಪ ಬಿದ್ದುಹೋಯಿತು.

ಅಂದು ಹೇಳಿಕೆ ಮುಗಿಸಿ ಹೊರಗೆ ಬಂದಾಗ ಶಂಭುಲಿಂಗಪ್ಪನವರು ಆ ಬೆಂಚಿನ ಮುಂದೆ ಕೈಮುಗಿದು ನಿಂತು, ಒಳಗೆ ಹೇಳಿದ್ದನ್ನೆಲ್ಲ ತಿಳಿಸಿದ್ದರು. ಆಕೆ, "ಆರು ತಿಂಗಳಾತ್ರಿ ಸರ್. ನನ್ನ ಮಗಳು ಸಾಲಿಗೆ ಹೋಗಾಕ ಒಲ್ಲೆ ಅಂತಾಳ. ಇದನ್ನ ಹೇಳಾಕ ನಿಮಗ ಇಷ್ಟು ದಿನಾ ಬೇಕಾತೇನ್ರಿ?" ಎಂದರು. ಕ್ಷಮಿಸಿದೆನೆಂದು ಆಕೆ ಅನ್ನಲಿಲ್ಲ. ಅನ್ನಲಿ ಎಂದು ಇವರೂ ಕಾಯಲಿಲ್ಲ.

ಪೂಜ್ಯರು ಲಿಂಗೈಕ್ಯರಾದ ಮೇಲೆ ಶ್ರೀಮಠದವರು ಅವರ ಜೀವನದ ಪ್ರಸಂಗಗಳನ್ನು ಭಕ್ತರಿಂದ ಕೇಳಿ ಬರೆಸತೊಡಗಿದರು. ಇಂಥ ಪುಸ್ತಕಗಳಲ್ಲಿ ತಪ್ಪು ಮಾಡಿದವರನ್ನು ಒಬ್ಬ ಅಧಿಕಾರಿ, ಒಬ್ಬ ಸಾಹುಕಾರ ಎಂದು ಮರೆಮಾಡಿ ಬರೆಯುವುದು ವಾಡಿಕೆ. ಬರೆದುಕೊಳ್ಳುತ್ತಿದ್ದವರು ಶಂಭುಲಿಂಗಪ್ಪನವರಿಗೂ ಹಾಗೇ ಹೇಳಿದರು: ವಯಸ್ಸಾಗಿದೆ, ಮೊಮ್ಮಕ್ಕಳಿದ್ದಾರೆ, ಹೆಸರು ಬಿಟ್ಟು ಬರೆಯುತ್ತೇವೆ. ಮುದುಕರು ಕೈ ಅಡ್ಡ ಮಾಡಿ ತಡೆದರು.

"ಬ್ಯಾಡ್ರಿ. ನನ್ನ ತಪ್ಪಿಗೆ ಆರು ತಿಂಗಳು ಆ ಹೆಣ್ಣುಮಗಳ ಹೆಸರು ಪೇಪರಿನ್ಯಾಗ ಬಂತು. ನನ್ನ ತಪ್ಪಿಗೆ ಒಮ್ಮೆಯಾದ್ರೂ ನನ್ನ ಹೆಸರು ಬರಲಿ. ಅಡ್ಡಹೆಸರು, ಹುದ್ದಾ ಎಲ್ಲಾ ಹಾಕಿ ಪೂರಾ ಬರೀರಿ."