ಭೂಮಿ ಸುತ್ತಿದ ಹಡಗಿನ ಊಟ

"ಕೇಳಿರಿ, ಕೇಳಿರಿ!" ಎಂದು ಅಳಿವೆಕೋಟೆಯ ಬೀದಿಗಳಲ್ಲಿ ಡಂಗುರ ಸಾರಿದರು. "ನಮ್ಮ ಹಡಗು ಪಡುವಣಕ್ಕೆ ಹೊರಟು, ಭೂಮಿಯನ್ನೆಲ್ಲ ಸುತ್ತಿ ಮನೆಗೆ ಬಂದಿದೆ. ಆ ಯಾನದ ಮೇಲೆ ರಾಜಕುಮಾರಿ ಹೊನ್ನಲಾದೇವಿ ಮೂರು ಒಗಟು ಹೇಳುವಳು. ಬಿಡಿಸಿದವನಿಗೆ ಬಂದರಿನ ಒಡೆತನ, ಜೊತೆಗೆ ಬೇಡಿದ ಒಂದು ವರ. ಸರಿಯುತ್ತರ ಹೇಳಿದವನಿಗೆ ಅರಸರ ಯಾವ ಕಟ್ಟಪ್ಪಣೆಯೂ ಅಡ್ಡಬಾರದು. ತಪ್ಪಿದವನು ಎರಡನೆಯ ಯಾನಕ್ಕೆ ಹೋಗಿ ಹಡಗಿನ ತಳದ ನೀರೆತ್ತಬೇಕು!"

ಜನ ನಕ್ಕರು. ಪುಕ್ಕಟೆ ಲೋಕ ನೋಡುವುದೂ ಒಂದು ಶಿಕ್ಷೆಯೇ?

ಯಾನದ ನಿಜ ಅವರಿಗೆ ತಿಳಿದಿರಲಿಲ್ಲ. ಹೋದದ್ದು ನಾಲ್ಕು ಹಡಗು, ಬಂದದ್ದು ಒಂದು, ಏಕೆಂದು ಯಾರೂ ಹೇಳಿರಲಿಲ್ಲ. ಹಡಗುಗಳ ಮುಂದಾಳಾಗಿದ್ದ ರಾಜಕುಮಾರ ದೇವರಸ ನಡುಗಡಲಲ್ಲೇ ತೀರಿಕೊಂಡಿದ್ದ. ಬದುಕಿ ಬಂದ ಕೆಲವರನ್ನು ಅರಸ ತಿರುಮಲರಸ ಬಂದರಿನ ಹಿಂದಿನ ಕೊಟ್ಟಿಗೆಯಲ್ಲಿ ಕೂಡಿಹಾಕಿಸಿ, ಬಾಯಿಬಿಟ್ಟರೆ ನಾಲಿಗೆ ಸೀಳಿಸುತ್ತೇನೆ ಎಂದಿದ್ದ. ಹಡಗು ತಂದ ಲವಂಗದ ಮೂಟೆಗಳನ್ನು ಕಂಡಾಗಿನಿಂದ ಅವನಿಗೆ ಎರಡನೆಯ ಯಾನದ್ದೇ ಧ್ಯಾನ. ಆದರೆ ಹೊನ್ನಲಾದೇವಿ ಅಣ್ಣನ ಗುರುತೇನಾದರೂ ಸಿಕ್ಕೀತೆಂದು ಹಡಗಿನ ತಳಕ್ಕೆ ಇಳಿದಿದ್ದಳು. ಮೂಗಿಗೆ ಸೆರಗೊತ್ತಿಕೊಂಡು ಮೇಲೆ ಬಂದವಳು ನೇರ ಕೊಟ್ಟಿಗೆಗೆ ಹೋದಳು. ಹೆದರಿದ ನಾವಿಕರಿಂದ ಒಂದೊಂದೇ ಮಾತು ಕೇಳಿ ತಿಳಿದುಕೊಂಡು, ಅಣ್ಣನ ನೆನಪಿಗೆ ಒಗಟು ಹೇಳುತ್ತೇನೆಂದು ತಂದೆಯನ್ನು ಒಪ್ಪಿಸಿದಳು.

ಸಭೆ ಸೇರಿತು. ಹೊನ್ನಲಾದೇವಿ ಎದ್ದು ನಿಂತಳು. "ಹೊರಡುವಾಗ ಅದನ್ನು ಕಂಡರೆ ದೊಣ್ಣೆ ಹಿಡಿದು ಅಟ್ಟುತ್ತಿದ್ದರು. ನಡುಗಡಲಲ್ಲಿ ಅದಕ್ಕಾಗಿ ಬೆರಳಿನ ಉಂಗುರ ಬಿಚ್ಚಿ ಕೊಟ್ಟರು. ಏನದು?"

ದಂಡನಾಯಕ ಬೊಮ್ಮಣ್ಣ ಮೀಸೆ ತಿರುವಿದ. "ಕಡಲ್ಗಳ್ಳರು! ಮೊದಲು ಅಟ್ಟಿದರು, ಆಮೇಲೆ ಕಪ್ಪ ಕೊಟ್ಟು ಪಾರಾದರು."

"ಅಲ್ಲ."

ವ್ಯಾಪಾರಿ ಮಲ್ಲಿಸೆಟ್ಟಿ ಮೈಗೆಲ್ಲ ಪುನುಗು ಬಳಿದುಕೊಂಡು ಬಂದಿದ್ದ. "ದ್ವೀಪದ ಚೆಲುವೆಯರು," ಎಂದು ಕಣ್ಣು ಮಿಟುಕಿಸಿದ. ಸಭೆ ಗೊಳ್ಳೆಂದಿತು. ರಾಜಕುಮಾರಿ ಅಸಹ್ಯದಿಂದ ಮುಖ ತಿರುಗಿಸಿದಳು. "ಅಲ್ಲ. ಇಬ್ಬರ ಹೆಸರನ್ನೂ ಹಡಗಿಗೆ ಬರೆದುಕೊಳ್ಳಿ."

ಆಗ ಬಾಗಿಲ ಬಳಿ ಗದ್ದಲವಾಯಿತು. ಕೋಲೂರಿಕೊಂಡು ಒಬ್ಬ ಯುವಕ ಒಳಗೆ ಬಂದ. ಕಾಲು ಬಾತಿತ್ತು, ಉಸಿರು ಕೊಳೆತ ಮೀನಿನಂತೆ ನಾರುತ್ತಿತ್ತು. ಪಕ್ಕದವರು ಮೂಗು ಮುಚ್ಚಿ ದಾರಿ ಬಿಟ್ಟರು. ಅವನು ಜಟ್ಟ, ಹಡಗಿನ ತಳದ ನೀರೆತ್ತಿದವನು. ಕೊಟ್ಟಿಗೆಯ ಗೋಡೆಯಾಚೆ ಡಂಗುರ ಕೇಳಿ, ಹಿಂಬದಿಯ ತಡಿಕೆ ಮುರಿದು ಬಂದಿದ್ದ.

"ಜಟ್ಟಾ, ನಾಲಿಗೆ ಬೇಡವೇನೋ?" ಅರಸ ಗುಡುಗಿದ.

ಜಟ್ಟ ಕೋಲಿನ ಮೇಲೆ ಬಾಗಿ ನಮಸ್ಕರಿಸಿದ. "ಬೇಕು ಮಹಾಸ್ವಾಮಿ. ಆದರೆ ನಾಳೆ ಇನ್ನಷ್ಟು ಮಕ್ಕಳು ಹಡಗು ಹತ್ತುತ್ತಾರೆ. ಸುಮ್ಮನಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ." ರಾಜಕುಮಾರಿಯ ಕಡೆ ತಿರುಗಿದ. "ಅಮ್ಮನವರೇ, ಅದು ಇಲಿ."

ಜಟ್ಟ ಸಭೆಯ ಕಡೆ ತಿರುಗಿ ವಿವರಿಸಿದ.

"ಅಕ್ಕಿ ಮುಗಿದ ಮೇಲೆ ಇಲಿ ಹಿಡಿದವನೇ ಸಾಹುಕಾರ. ರಾಜಕುಮಾರರು ಉಂಗುರ ಕೊಟ್ಟು ಒಂದು ಇಲಿ ಕೊಂಡರು. ಅರ್ಧ ನನಗೆ ಕೊಟ್ಟರು."

"ಸರಿಯುತ್ತರ," ಎಂದಳು ಹೊನ್ನಲಾದೇವಿ. ಅವಳ ದನಿ ಒಡೆಯಿತು. ಅರಸ ಬಾಯಿ ತೆರೆದ. ಆದರೆ ಕಟ್ಟಪ್ಪಣೆ ಅಡ್ಡಬಾರದೆಂಬ ಡಂಗುರದ ಮಾತು ಊರಿಗೆಲ್ಲ ಗೊತ್ತಿತ್ತು, ಮತ್ತೆ ಹಿಂದಕ್ಕೊರಗಿದ.

"ಎರಡನೆಯದು. ಬದುಕಿದ್ದಾಗ ಹುಲ್ಲು ತಿಂದಿತು. ಸತ್ತ ಮೇಲೆ ಬಿಸಿಲು, ಮಳೆ, ಗಾಳಿ ಕುಡಿದು ಕಂಬ ಕಾಯಿತು. ಆಮೇಲೆ ಕಡಲ ನೀರಲ್ಲಿ ನೆಂದು ಮನುಷ್ಯರ ಹೊಟ್ಟೆ ಸೇರಿತು."

ಆಸ್ಥಾನದ ಜೋಯಿಸ ಆತುರಪಟ್ಟ. "ಉಪ್ಪು ಹಚ್ಚಿ ಒಣಗಿಸಿದ ಜಿಂಕೆಯ ಮಾಂಸ. ರಾಜಭೋಜನ!"

"ಮಾಂಸ ಎಲ್ಲಿತ್ತು ಸ್ವಾಮಿ?" ಎಂದ ಜಟ್ಟ. "ಅದು ದನದ ಚಕ್ಕಳ. ಹಗ್ಗ ಸವೆಯದಿರಲೆಂದು ಹಾಯಿ ಕಟ್ಟುವ ಕೂವೆಮರಕ್ಕೆ ಸುತ್ತಿದ್ದೆವು. ಮರದಂತೆ ಬಿರುಸಾಗಿತ್ತು. ಬಿಚ್ಚಿ, ಕಡಲಲ್ಲಿ ನೆನೆಹಾಕಿ, ಕೆಂಡದ ಮೇಲೆ ಸುಟ್ಟು ಜಗಿದೆವು. ಜಗಿಯುತ್ತಿದ್ದಂತೆ ಹಲ್ಲುಗಳು ಅದಕ್ಕೇ ಅಂಟಿಕೊಂಡು ಬಂದವು." ಬಾಯಿ ತೆರೆದು ತೋರಿಸಿದ. ಕಪ್ಪಾಗಿ ಊದಿದ ಒಸಡಿನಿಂದ ಕೀವು ಒಸರುತ್ತಿತ್ತು.

ಮಲ್ಲಿಸೆಟ್ಟಿ ಬಾಯಿಗೆ ಉತ್ತರೀಯ ಒತ್ತಿಕೊಂಡ. ಬೊಮ್ಮಣ್ಣ ಹೆಸರು ಬರೆದುಕೊಳ್ಳುತ್ತಿದ್ದ ಕರಣಿಕನ ಬಳಿ ಜರುಗಿ, "ನನ್ನ ಹೆಸರು ಹೊಡೆದುಹಾಕಯ್ಯಾ," ಎಂದು ಪಿಸುಗುಟ್ಟಿದ. ಈಗ ಯಾರೂ ನಗುತ್ತಿರಲಿಲ್ಲ.

"ಮೂರನೆಯದು," ಎಂದಳು ರಾಜಕುಮಾರಿ. "ಹಡಗಿನಲ್ಲಿ ಮರಳಿ ಬಂದವರೆಲ್ಲರ ಬದುಕಿನಲ್ಲಿ ಒಂದು ದಿನ ಕಾಣೆಯಾಗಿದೆ. ಯಾರೂ ಕದಿಯಲಿಲ್ಲ, ಯಾರೂ ಎಣಿಸಲು ಮರೆಯಲಿಲ್ಲ. ಎಲ್ಲಿ ಹೋಯಿತು?"

ಈ ಸಲ ಜಟ್ಟ ತಡಬಡಾಯಿಸಿದ. ಬಂದರಿಗೆ ಇಳಿದಾಗ ನಾವಿಕರು ಸೋಮವಾರ ಎಂದಿದ್ದರು, ಊರವರು ಮಂಗಳವಾರ ಎಂದಿದ್ದರು. ಅಷ್ಟು ಗೊತ್ತು. ಏಕೆಂದು ಗೊತ್ತಿಲ್ಲ. ತಪ್ಪಿದರೆ ನಾಲಿಗೆಯೂ ಹೋಗುತ್ತದೆ, ಮತ್ತೆ ಆ ನಾರುವ ತಳವೂ ತಪ್ಪಿದ್ದಲ್ಲ. ಕಣ್ಣು ಮುಚ್ಚಿದ. ದಿನವಿಡೀ ನೀರೆತ್ತಿ, ಸಂಜೆ ಮೇಲೆ ಹತ್ತಿ, ಹೊತ್ತು ಮುಳುಗಿದರೆ ಸಾಕಪ್ಪಾ ಎಂದು ಪಡುವಣ ನೋಡುತ್ತಿದ್ದುದು ಕಣ್ಣಿಗೆ ಕಟ್ಟಿತು.

"ಅಮ್ಮನವರೇ, ಸೂರ್ಯ ತಿಂದ!" ಎಂದ. "ನಾವು ಯಾವಾಗಲೂ ಸೂರ್ಯನ ಬೆನ್ನು ಹತ್ತಿ ಹೋದೆವು. ಅವನು ಮುಳುಗುವ ಕಡೆಗೇ ಓಡುವವರಿಗೆ ಹೊತ್ತು ಮುಳುಗುವುದು ಚೂರು ತಡ. ನಮ್ಮ ಒಂದೊಂದು ದಿನವೂ ನಿಮ್ಮದಕ್ಕಿಂತ ಕೂದಲೆಳೆಯಷ್ಟು ಉದ್ದ. ನಾವು ಭೂಮಿಯನ್ನು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಆ ಕೂದಲೆಳೆಗಳೆಲ್ಲ ಸೇರಿ ಒಂದು ಇಡೀ ದಿನವಾಯಿತು. ನೀವು ಒಂದು ಹಗಲು ಹೆಚ್ಚು ಕಂಡಿರಿ, ನಾವು ಒಂದು ಕಡಿಮೆ."

"ಸರಿಯುತ್ತರ. ಮೂರೂ ಸರಿ," ಎಂದಳು ಹೊನ್ನಲಾದೇವಿ. "ವರ ಕೇಳು."

ಜಟ್ಟ ಅರಸನಿಗೆ ಕೈಮುಗಿದ. "ಹಡಗಿನಲ್ಲಿ ಉಳಿದ ರೊಟ್ಟಿಚೂರನ್ನು ಮಹಾಸ್ವಾಮಿಗಳು ಒಂದು ತುತ್ತು ತಿನ್ನಬೇಕು. ತಿಂದ ಮೇಲೆ ಎರಡನೆಯ ಯಾನಕ್ಕೆ ನಾನೇ ಮೊದಲು ಹೊರಡುತ್ತೇನೆ. ತಿನ್ನಲಾಗದಿದ್ದರೆ ಯಾರೂ ಹೊರಡಬಾರದು."

ಮರಿಗೆಯಲ್ಲಿ ತಂದರು. ಅದು ರೊಟ್ಟಿಯಲ್ಲ, ಹಳದಿ ಹುಡಿ. ಹುಡಿಯ ತುಂಬ ಬಿಳಿ ಹುಳು ಮಿಜಿಮಿಜಿ ಆಡುತ್ತಿದ್ದವು. ಇಲಿಯ ಉಚ್ಚೆಯ ಘಾಟು ಸಭೆಗೆಲ್ಲ ಹರಡಿತು. ಅರಸ ಹಟದಿಂದ ಚಿಟಿಕೆ ತೆಗೆದು ತುಟಿಯ ಬಳಿ ತಂದ. ಬೆರಳ ಮೇಲೆ ಹುಳು ಹೊರಳಿತು. ಅವನು ಸಿಂಹಾಸನದಿಂದ ಎದ್ದು ಪಕ್ಕಕ್ಕೆ ಬಾಗಿದ, ಬೆಳಗ್ಗೆ ಉಂಡದ್ದನ್ನೆಲ್ಲ ರತ್ನಗಂಬಳಿಯ ಮೇಲೆ ಕಕ್ಕಿದ.

ಬಾಯಿ ಒರೆಸಿಕೊಂಡು ತಲೆ ಎತ್ತಿದ. "ನನ್ನ ಮಗನೂ ಇದನ್ನೇ ತಿಂದನೇನೋ?"

"ಇದು ಆಮೇಲೆ ದಾರಿಯ ದ್ವೀಪದಲ್ಲಿ ಕೊಂಡದ್ದು. ಅವರಿಗೆ ಕೊನೆಗೆ ಇದೂ ಸಿಗಲಿಲ್ಲ, ಮಹಾಸ್ವಾಮಿ."

ಅರಸ ತನ್ನ ಕೈಯನ್ನೇ ಹೇಸಿಗೆಯಿಂದ ನೋಡಿಕೊಂಡ. ಅದೇ ಕೈಯಿಂದ ಎರಡನೆಯ ಯಾನ ನಿಲ್ಲಿಸುವ ಅಪ್ಪಣೆಗೆ ಮುದ್ರೆ ಒತ್ತಿದ. ಹಡಗನ್ನು ದಡಕ್ಕೆಳೆದು ಸುಟ್ಟರು. ಜಟ್ಟ ಬಂದರಿನ ಒಡೆಯನಾದ. ಕೊಟ್ಟಿಗೆಯ ಬಾಗಿಲು ತೆರೆಯಿತು.

ಅಂದು ಅರಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಹೊನ್ನಲಾದೇವಿ ಮಾತ್ರ ನಾವಿಕರನ್ನು ಸಾಲಾಗಿ ಕೂರಿಸಿ, ಮೆತ್ತಗೆ ಬೆಂದ ಗಂಜಿಗೆ ನಿಂಬೆರಸ ಹಿಂಡಿ ಬಡಿಸಿದಳು. ಒಸಡು ಉರಿಯಿತು, ಕಣ್ಣಲ್ಲಿ ನೀರು ಬಂತು. ಆದರೂ ಅವರು ನಿಲ್ಲಿಸದೆ ಉಂಡರು.